ತ್ರಯೋದಶಿಯ ಚಂದ್ರ

ಚಂದ್ರನ ಫೋಟೋ ತೆಗೆಯುವ ಹುಚ್ಚು ನನಗೆ ಹತ್ತಿದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಕಾರಣ ನಮ್ಮ ಅಡುಗೆಮನೆ ಎಂದರೆ ಯಾರೂ ನಂಬುವುದಿಲ್ಲ. ನಾವು ಜೈನರು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಉಳಿದ ಮನೆಯವರು ದೀಪ ಹಚ್ಚಿದ ಮೇಲೆ ರೊಟ್ಟಿ ಬಡಿಯಲು ಕೂತರೆ, ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿದು, ಪಾತ್ರೆ ಬೆಳಗಿ, ಕಟ್ಟೆ ಒರೆಸಿ ಆಗಿರುತ್ತದೆ. ಮಗಳು ಓದಲು ಕೊಲ್ಹಾಪುರಕ್ಕೆ ಹೋದ ಮೇಲಂತೂ ಸಂಜೆಗಳು ಪೂರ್ತಿ ಖಾಲಿಯಾದವು. ಧಾರಾವಾಹಿ ನೋಡುವುದು ನನ್ನಿಂದಾಗದ ಕೆಲಸ. ಅದರಲ್ಲಿ ಎಲ್ಲರೂ ಅಳುತ್ತಾರೆ, ಕಸ ಮಾತ್ರ ಯಾರೂ ಹೊಡೆಯುವುದಿಲ್ಲ. ಹಾಗಾಗಿ ಗಚ್ಚಿ ಹತ್ತಿ ಕೂಡುತ್ತಿದ್ದೆ. ಮನೆಯ ಮೇಲಿನ ಗಚ್ಚಿಯಲ್ಲಿ ನೋಡುವುದಕ್ಕೆ ಏನಿರುತ್ತದೆ, ನೀರಿನ ಟಾಕಿ ಮತ್ತು ಚಂದ್ರ.

ಕ್ಯಾಮೆರಾ ಕೊಲ್ಹಾಪುರದಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬನಿಂದ ಕೊಂಡ ಹಳೆಯದು. ಅದರ ಉದ್ದ ಲೆನ್ಸು ನೋಡಿ ನನ್ನ ಗಂಡ, ಇದರಿಂದ ಓಣಿಯವರ ಮನೆಯೊಳಗೆ ಇಣುಕದಿದ್ದರೆ ಸಾಕು ಎಂದರು. ಮೊದಲ ತಿಂಗಳು ನಾನು ತೆಗೆದದ್ದೆಲ್ಲ ಕರಿ ಬಟ್ಟೆಯ ಮೇಲೆ ಬಿದ್ದ ಸುಣ್ಣದ ಹನಿ. ರಾತ್ರಿಯ ಫೋಟೋ ಅಲ್ಲವೇ ಎಂದು ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಡುತ್ತಿದ್ದೆ. ಮತ್ತೆ ಕೊಲ್ಹಾಪುರಕ್ಕೆ ಹೋಗಿ ತೋರಿಸಿದಾಗ ಕ್ಯಾಮೆರಾ ಮಾರಿದಾತ ನಕ್ಕು, ಮರಾಠಿಯಲ್ಲಿ, "ವಹಿನಿ, ತೊ ಉನ್ಹಾತ ಉಭಾ ಆಹೇ," ಎಂದ. ಅತ್ತಿಗೆ, ಚಂದ್ರ ಬಿಸಿಲಲ್ಲಿ ನಿಂತಿದ್ದಾನೆ ಎಂದು. ನಮಗೆ ರಾತ್ರಿಯಾದರೇನು, ಚಂದ್ರನ ಮೇಲೆ ಬಿದ್ದದ್ದು ಬಿಸಿಲೇ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಿಂತ ಮದುಮಗನ ಫೋಟೋ ತೆಗೆಯುವ ಹಾಗೆ ತೆಗೆಯಬೇಕು. ಅಂದಿನಿಂದ ಚಂದ್ರನ ಮೈಮೇಲಿನ ಕುಳಿಗಳು ಕಾಣತೊಡಗಿದವು.

ಇಚಲಕರಂಜಿಯಲ್ಲಿ ಇನ್ನೊಂದು ತೊಂದರೆ ಮಗ್ಗದ್ದು. ನಮ್ಮ ಹಿಂದಿನ ಸಾಲಿನಲ್ಲಿ ಹಗಲೂ ರಾತ್ರಿ ಕರೆಂಟಿನ ಮಗ್ಗಗಳು ಬಡಿಯುತ್ತವೆ. ನಮಗೆ ಆ ಸದ್ದು ಕೇಳಿಸುವುದೇ ಇಲ್ಲ, ನಿಂತಾಗ ಮಾತ್ರ ಏನೋ ಆಯಿತೆಂದು ಗಾಬರಿಯಾಗುತ್ತದೆ. ಕ್ಯಾಮೆರಾಕ್ಕೆ ಆ ರೂಢಿ ಇಲ್ಲ. ಗಚ್ಚಿಯ ಜೊತೆ ಅದರ ಮೂರು ಕಾಲಿನ ಸ್ಟ್ಯಾಂಡೂ ಸಣ್ಣಗೆ ನಡುಗಿ, ಚಂದ್ರನ ಅಂಚು ಮಬ್ಬಾಗಿ ಬರುತ್ತಿತ್ತು. ಅಲ್ಲದೆ ಬರೀ ಚಂದ್ರ ತೆಗೆದು ತೆಗೆದು ಬೇಸರವೂ ಬಂದಿತ್ತು. ಗಡಹಿಂಗ್ಲಜ ಕಡೆಯ ಮಹಾಗಾಂವ ನನ್ನ ತವರು. ಅಲ್ಲಿ ತಮ್ಮನ ಹೊಲ ಗುಡ್ಡದ ಬುಡದಲ್ಲಿದೆ, ಗುಡ್ಡದ ನೆತ್ತಿಯ ಮೇಲೆ ಒಂದೇ ಒಂದು ಹುಣಸೆಮರ. ಆ ಮರದ ಪಕ್ಕದಲ್ಲಿ ಚಂದ್ರ ಬಂದ ಗಳಿಗೆಯನ್ನು ಹಿಡಿಯಬೇಕೆಂಬುದು ನನ್ನ ಆಸೆಯಾಯಿತು.

ಇಲ್ಲಿ ನಮ್ಮ ಮಾವನ, ಅಂದರೆ ಗಂಡನ ತಂದೆಯ, ವಿಷಯ ಹೇಳಬೇಕು. ಅವರಿಗೆ ಎಂಬತ್ತೆರಡು. ಅಷ್ಟಮಿ, ಚತುರ್ದಶಿ ಬಂದರೆ ಅವರದು ಏಕಾಶನ, ಅಂದರೆ ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಉಣ್ಣುವಾಗ ಯಾವತ್ತೂ ಮೌನ. ಹೋದ ವರ್ಷ ಏಕಾಶನದ ಮರುದಿನ ಬೆಳಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಬೇಕಾಯಿತು. ಕೊಲ್ಹಾಪುರದ ಡಾಕ್ಟರು ಇನ್ನು ಉಪವಾಸ ಬಂದ್ ಎಂದರು. ಮಾವ ಸುಮ್ಮನೆ ಕೂತರು. ಅವರು ಸುಮ್ಮನೆ ಕೂತರೆ ಒಪ್ಪಿದರೆಂದು ಅರ್ಥವಲ್ಲ. ಕೊನೆಗೆ ನಡುವೆ ಬಾಯಿ ಹಾಕಿದವಳು ನಾನು. ಏಕಾಶನ ಇರಲಿ, ಆದರೆ ಅದರ ಹಿಂದಿನ ಸಂಜೆ ಹೊತ್ತು ಮುಳುಗುವ ಮುಂಚೆ ಹೊಟ್ಟೆ ತುಂಬ ಉಣಿಸುತ್ತೇನೆ, ಒಂದು ಸಲವೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟೆ. ಇನ್ನೊಮ್ಮೆ ಬಿದ್ದರೆ ಬರೀ ಹೊಲಿಗೆಯಲ್ಲಿ ಮುಗಿಯಲಿಕ್ಕಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು.

ಚತುರ್ದಶಿ ನನ್ನ ಫೋಟೋಕ್ಕೂ ಒಳ್ಳೆಯ ದಿನ. ಹುಣ್ಣಿಮೆಯ ಚಂದ್ರ ಬರುವ ಹೊತ್ತಿಗೆ ಗುಡ್ಡ ಕಪ್ಪಾಗುತ್ತಾ ಇರುತ್ತದೆ. ಚತುರ್ದಶಿಯವನು ತಾಸು ಮುಂಚೆಯೇ ಹಾಜರು, ಗುಡ್ಡದ ಮೇಲೆ ಇಳಿಬಿಸಿಲು ಇರುವಾಗಲೇ. ಮೇಲಾಗಿ ಅಂದು ಸಂಜೆ ಮಾವನಿಗೆ ಊಟವಿಲ್ಲ, ನಾನು ಎಲ್ಲಿ ಬೇಕಾದರೂ ಹೋಗಬಹುದು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡೆ.

ಮಾಘ ಮಾಸದ ಒಂದು ಮಂಗಳವಾರ ಸಂಜೆ ಆರಕ್ಕೆ ಚಂದ್ರ ಎಲ್ಲಿರುತ್ತಾನೆಂದು ಫೋನಿನಲ್ಲಿ ಹುಡುಕಿದೆ. ಗುಡ್ಡದ ದಿಕ್ಕಿಗೇ ತೋರಿಸಿತು, ಪಕ್ಕದಲ್ಲಿ ಚತುರ್ದಶಿ ಎಂದೂ ಬರೆದಿತ್ತು. ನನಗೆ ಅಷ್ಟು ಸಾಕಾಯಿತು. ಗೋಡೆಯ ಮೇಲೆ ಬಸದಿಯವರು ಕೊಟ್ಟ ಪಂಚಾಂಗ ತೂಗುತ್ತಿತ್ತು, ಅದರ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಫೋನಿನ ಮುಂದೆ ಪಂಚಾಂಗ ಯಾವ ಲೆಕ್ಕ ಎಂಬ ಸೊಕ್ಕೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಹನ್ನೊಂದಕ್ಕೆ ಮಾವನಿಗೆ ಬಡಿಸಿದೆ. ದಿನದ ಒಂದೇ ಊಟವೆಂದು ತುಪ್ಪ ಒಂದು ಚಮಚ ಹೆಚ್ಚೇ ಹಾಕಿದೆ. ಅವರು ಸಾಕೆಂದು ಕೈ ಅಡ್ಡ ಹಿಡಿದರು, ನಾನು ಬಿಡಲಿಲ್ಲ. ಚಂದ್ರನ ಫೋಟೋಕ್ಕೆಂದು ಮಹಾಗಾಂವಕ್ಕೆ ಹೋಗಿ ಬರುತ್ತೇನೆಂದೆ. ಬಾಯಲ್ಲಿ ತುತ್ತು, ಮೇಲೆ ಮೌನ, ಹೋಗಿ ಬಾ ಎಂದು ಕೈ ಎತ್ತಿದರು. ಅವರ ಊಟವಾದ ಮೇಲೆ ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿ ಬಸ್ಸು ಹಿಡಿದೆ.

ಫೋಟೋ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಹೊಲದಲ್ಲಿ ಮಗ್ಗವಿಲ್ಲ, ಗಾಳಿಯೂ ಇರಲಿಲ್ಲ. ತಮ್ಮ ಕಬ್ಬಿನ ಬದುವಿನ ಮೇಲೆ ಕೂತು, ಅಕ್ಕನಿಗೆ ತಲೆ ಕೆಟ್ಟಿದೆ ಎಂಬ ಮುಖ ಮಾಡಿಕೊಂಡು ನೋಡುತ್ತಿದ್ದ. ಗುಡ್ಡ ಕೆಂಪಗೆ, ಆಕಾಶ ಇನ್ನೂ ನೀಲಿ, ಹುಣಸೆಮರದ ಮಗ್ಗುಲಲ್ಲಿ ಬೆಳ್ಳನೆಯ ಚಂದ್ರ. ಒಂದರ ಮೇಲೊಂದು ತೆಗೆಯುತ್ತಲೇ ಹೋದೆ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ತಮ್ಮ ಗಡಹಿಂಗ್ಲಜದಲ್ಲಿ ಬಸ್ಸಿಗೆ ಹತ್ತಿಸಿದ. ಮನೆಗೆ ಬಂದಾಗ ಮಾವ ಮಲಗಿದ್ದರು. ಗಂಡ ಸಂಜೆಯ ಡಬ್ಬಿಯನ್ನು ಅಂಗಡಿಯಲ್ಲೇ ಉಂಡು ಬರುವವರು. ಅವರು ತಂದೆಯನ್ನು ಏನೂ ಕೇಳಿರಲಿಲ್ಲ, ತಂದೆ ಏನೂ ಹೇಳಿರಲಿಲ್ಲ.

ಬುಧವಾರ ಬೆಳಗ್ಗೆ ಹೊತ್ತು ಹುಟ್ಟಿದ ಮೇಲೆ, ಏಕಾಶನದ ಮರುದಿನವೆಂದು ಉಪ್ಪಿಟ್ಟು, ಹಾಲು ಅವರ ಮುಂದಿಟ್ಟೆ. ಅವರು ತಾಟನ್ನು ಮೆಲ್ಲಗೆ ಈಚೆ ಸರಿಸಿದರು.

"ಇವತ್ತ ಚತುರ್ದಶಿ ಐತವಾ," ಎಂದರು.

"ನಿನ್ನೀನ ಆತಲ್ರಿ ಮಾಮಾ."

"ನಿನ್ನಿ ತ್ರಯೋದಶಿ."

ಗೋಡೆಯ ಹತ್ತಿರ ಹೋಗಿ ನೋಡಿದೆ. ಮಂಗಳವಾರ ತ್ರಯೋದಶಿ, ಬುಧವಾರ ಚತುರ್ದಶಿ. ಬಸದಿಯವರು ಹೊತ್ತು ಹುಟ್ಟುವಾಗ ಇದ್ದ ತಿಥಿಯನ್ನು ಇಡೀ ದಿನಕ್ಕೆ ಹಿಡಿಯುತ್ತಾರೆ. ನನ್ನ ಫೋನು ನಾನು ಕೇಳಿದ ಸಂಜೆ ಆರರ ಗಳಿಗೆಯದನ್ನು ಹೇಳಿತ್ತು. ಮಂಗಳವಾರ ಮಧ್ಯಾಹ್ನ ಎಲ್ಲೋ ಚತುರ್ದಶಿ ಹತ್ತಿತ್ತು, ಅಷ್ಟೆ. ಪಂಚಾಂಗ, ಫೋನು ಎರಡೂ ಸುಳ್ಳು ಹೇಳಿರಲಿಲ್ಲ. ಆದರೆ ಮಾವನಿಗೆ ಹೊಟ್ಟೆ ತುಂಬ ಉಣಿಸುತ್ತೇನೆಂದು ನಾನು ಮಾತು ಕೊಟ್ಟ ಸಂಜೆ ಅದೇ ಆಗಿತ್ತು, ಅಂದು ನಾನು ಅಡುಗೆಮನೆ ತೊಳೆದು ಹೋಗಿದ್ದೆ. ಅವರು ಪಾತ್ರೆ ಎತ್ತಿ ನೋಡುವವರಲ್ಲ, ನೆರೆಯವರನ್ನು ಕೇಳುವವರಂತೂ ಮೊದಲೇ ಅಲ್ಲ.

ಇವತ್ತಿನ ಏಕಾಶನ ಬಿಡಿರಿ, ನಾಳೆ ಮಾಡಿರಿ, ಪಾಪ ನನಗೆ ಬರಲಿ ಎಂದು ಕೇಳಿಕೊಂಡೆ. ನಿಯಮ ತೊಗೊಂಡಾಗಿದೆ, ತಿಥಿಯನ್ನು ನಮ್ಮ ಸಲುವಾಗಿ ಸರಿಸಲು ಬರುವುದಿಲ್ಲ ಎಂದರು. ಹಾಗಾದರೆ ಬಸದಿಗಾದರೂ ಹೋಗಬೇಡಿರಿ ಎಂದೆ. ಅವರು ಸ್ನಾನಕ್ಕೆ ಎದ್ದರು. ಬಚ್ಚಲ ಬಾಗಿಲ ಹೊರಗೆ ನಿಂತು ತಂಬಿಗೆಯ ಸದ್ದು ಕೇಳುತ್ತಿದ್ದೆ. ಸದ್ದು ಸ್ವಲ್ಪ ತಡವಾದರೂ ಮಾಮಾ ಎಂದು ಕರೆಯುತ್ತಿದ್ದೆ, ಅವರು ಹ್ಞೂಂ ಎನ್ನುತ್ತಿದ್ದರು. ನನ್ನ ಮೇಲೆ ಸಿಟ್ಟು ಬಂದಿತ್ತು, ನಿಜ ಹೇಳಬೇಕೆಂದರೆ ಅವರ ಮೇಲೂ ಬಂದಿತ್ತು. ಇಷ್ಟು ಹಟ ಒಬ್ಬ ಮುದುಕನಿಗೆ ಯಾಕಿರಬೇಕು?

ಬಸದಿಗೆ ಅವರ ಒಂದು ಹೆಜ್ಜೆ ಹಿಂದೆ ನಡೆದೆ. ಹೋಗುವಾಗ ಏನೂ ಆಗಲಿಲ್ಲ. ದರ್ಶನ ಮುಗಿಸಿ ಹೊರಗೆ ಬಂದವರು ಮೂರನೆಯ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತರು, ಆಮೇಲೆ ಅಲ್ಲೇ ಕೂತರು. ಮುಖ ಬೆಳ್ಳಗಾಗಿ ಹಣೆಯ ಮೇಲೆ ಬೆವರಿತ್ತು, ಹಳೆಯ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ನಾನು ಸೆರಗಿನಿಂದ ಗಾಳಿ ಹಾಕುತ್ತಾ ಕೂತೆ. ಇವರಿಗೆ ಏನಾದರೂ ಆದರೆ ಈ ಜನ್ಮದಲ್ಲಿ ಕ್ಯಾಮೆರಾ ಮುಟ್ಟುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಹೇಳಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರು, ಚಂದ್ರ ಸಿಕ್ಕನೇ ಎಂದು ಕೇಳಿದರು.

ಸಿಕ್ಕ ಎನ್ನಲು ನಾಲಿಗೆ ಏಳಲಿಲ್ಲ. "ಇಲ್ರಿ ಮಾಮಾ, ಮಾಡ ಇತ್ತು," ಎಂದೆ. ಬಸದಿಯ ಮೆಟ್ಟಿಲ ಮೇಲೆ ಕೂತು ಮೋಡದ ಸುಳ್ಳು ಹೇಳಿದೆ.

"ಇಲ್ಲಿ ಮಾಡ ಇರಲಿಲ್ಲ," ಎಂದರು. "ನಾ ಮನಿ ಗ್ಯಾಲರಿಯೊಳಗ ಕುಂತ ನೋಡಿದ್ನಿ."

ಬಸದಿಯ ಒಬ್ಬರು ರಿಕ್ಷಾ ತರಿಸಿದರು, ಅದರಲ್ಲಿ ಕೂಡಿಸಿಕೊಂಡು ಮನೆಗೆ ಬಂದೆ. ಅವತ್ತು ಹತ್ತೂವರೆಗೇ ಅಡುಗೆ ಮುಗಿಸಿ ಎಲೆ ಹಾಕಿದೆ. ಮೆತ್ತಗೆ ಕಲಸಿದ ಅನ್ನ, ಹೆಸರುಬೇಳೆಯ ತೊವ್ವೆ, ಕಾಯಿಸಿ ಆರಿಸಿದ ನೀರು. ಮೌನದಲ್ಲಿ ಎಂದಿನಂತೆ ನಿಧಾನ ಉಂಡರು. ಮುಖಕ್ಕೆ ಬಣ್ಣ ಬರುವವರೆಗೆ ನಾನು ಎದುರಿನಿಂದ ಏಳಲಿಲ್ಲ.

ಕೈ ತೊಳೆದು ಬಂದು ಕೂತು, "ಈಗ ತೋರಸ," ಎಂದರು. "ನನ್ನ ಉಪಾಸ ದಂಡ ಆಗಬಾರದು."

ಕ್ಯಾಮೆರಾ ತಂದು ಅವರ ತೊಡೆಯ ಮೇಲಿಟ್ಟು ಒಂದೊಂದೇ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಚಂದ್ರನ ಕೆಳಗಿನ ಅಂಚು ಇನ್ನೂ ತುಂಬಿಲ್ಲ ಎಂದರು. ಗುಡ್ಡ ಯಾವುದು, ಹೊಲದಲ್ಲಿ ಏನು ಹಾಕಿದ್ದಾರೆ ಎಂದೂ ಕೇಳಿದರು. ಮರದ ಪಕ್ಕ ಚಂದ್ರ ಬಂದ ಆ ಫೋಟೋ ಬಂದಾಗ, ಮೂಲೆಯಲ್ಲಿರುವ ಅಂಕಿಗಳು ಏನು ಎಂದರು. ತೆಗೆದ ಹೊತ್ತು ಎಂದೆ. ಅವರು ಅದನ್ನು ಗಟ್ಟಿಯಾಗಿ ಓದಿದರು, ಆರು ಇಪ್ಪತ್ತೊಂದು. ಹೊತ್ತು ಮುಳುಗುವುದು ಯಾವ ದಿನ ಯಾವ ನಿಮಿಷಕ್ಕೆಂದು ಅವರಿಗೆ ಪಂಚಾಂಗ ನೋಡದೆಯೇ ಗೊತ್ತು.

"ಆಗ ಇನ್ನೂ ಹೊತ್ತಿತ್ತು," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಗೇಟ ಸಪ್ಪಳಾತು. ನೀ ಬಂದಿ ಅಂತ ಕೈ ತೊಳಕೊಂಡ ಉಣ್ಣಾಕ ಕುಂತೆ."

ಆಮೇಲೆ, ಮುಂದಿನದು ತೋರಿಸು ಎಂದರು.