ರಂಗೂನ್ ಮಾಮಿಯ ಅರಿಶಿನದ ಕೊಂಬು

ಮೊದಲು ಒಂದು ಸಣ್ಣ ಕೂಗು, ಆಮೇಲೆ ಉಸಿರು ಮುಗಿಯುವ ತನಕ ಎಳೆದಂಥ ಒಂದು ಉದ್ದನೆಯ ಕೂಗು. ಆ ಕಾಲದ ಮದರಾಸಿನಲ್ಲಿ ಕಡಲ ಗಾಳಿ ಬೀಸಿದರೆ ಹಾರ್ಬರಿನ ಹಡಗುಗಳ ಸೈರನ್ ತಿರುವಲ್ಲಿಕ್ಕೇಣಿಯ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಮೊನ್ನೆ ಬ್ಯಾಂಕ್ ಲಾಕರಿನ ಕೆಲಸಕ್ಕೆಂದು ಬೀಚ್ ಸ್ಟೇಷನ್ ಕಡೆ ಹೋಗಿದ್ದೆ. ವಾಪಸ್ ಬರಲು ಆಟೋ ಹತ್ತುವಾಗ ಅದೇ ಕೂಗು. ಈಗಿನ ಹಡಗುಗಳಲ್ಲಿ ಬರುವುದು ಬರೀ ಕಂಟೇನರುಗಳು, ಗೊತ್ತು. ಆದರೂ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅದು ನನ್ನ ಅಭ್ಯಾಸವಲ್ಲ. ರಂಗೂನ್ ಮಾಮಿಯದು...

ನಾವು ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆ ಓನರ್ ಸಂಸಾರ. ಅವರ ಹೆಂಡತಿ ನಮಗೆಲ್ಲ ಕೆಳಮನೆ ಮಾಮಿ. ರಂಗೂನ್ ಮಾಮಿ ಆಕೆಯ ಓರಗಿತ್ತಿ, ಮೈದುನನ ಹೆಂಡತಿ. ಮೈದುನನಿಗೆ ಬರ್ಮಾದ ರಂಗೂನಿನಲ್ಲಿ ದೊಡ್ಡ ಜವಳಿ ಅಂಗಡಿ ಇತ್ತು. ಅಲ್ಲಿ ಮಿಲಿಟರಿ ಸರ್ಕಾರ ಬಂದು ಅಂಗಡಿಗಳನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡಿತು. ನಮ್ಮ ಜನ ಹಡಗು ಹಡಗಾಗಿ ವಾಪಸ್ ಬಂದರು. ಅಂಥದ್ದೊಂದು ಹಡಗಿನಲ್ಲಿ ಮಾಮಿ ಒಬ್ಬರೇ ಬಂದರು. ಗಂಡನಿಗೆ ಇನ್ನೂ ಟ್ಯಾಕ್ಸ್ ಕ್ಲಿಯರೆನ್ಸ್ ಸಿಕ್ಕಿರಲಿಲ್ಲ. ಮುಂದಿನ ಹಡಗಿನಲ್ಲಿ ಬರುತ್ತಾರೆ ಎಂದು ಮಾತು.

ಆಗ ನನಗೆ ಕಾನ್ವೆಂಟಿನ ಕೊನೆಯ ವರ್ಷ. ನಮ್ಮ ಜಾಗ್ರಫಿ ರೂಮಿನ ಗೋಡೆಯ ಮ್ಯಾಪಿನಲ್ಲಿ ಇಂಡಿಯಾ, ಬರ್ಮಾ ಎರಡೂ ಇನ್ನೂ ಇಂಗ್ಲಿಷರ ಪಿಂಕ್ ಬಣ್ಣದಲ್ಲೇ ಇದ್ದವು. ಹೊಸ ಮ್ಯಾಪಿಗೆ ಫಂಡ್ಸ್ ಇರಲಿಲ್ಲ. "ಮೆಂಟಲಿ ಕರೆಕ್ಟ್ ಇಟ್, ಗರ್ಲ್ಸ್" ಎನ್ನುತ್ತಿದ್ದರು ಸಿಸ್ಟರ್. ನಾನೂ ಮೆಂಟಲಿ ಕರೆಕ್ಟ್ ಮಾಡಿಕೊಂಡು ಮನೆಗೆ ಬಂದರೆ, ಆ ಮ್ಯಾಪೇ ರಂಗೂನ್ ಮಾಮಿಯಾಗಿ ನಮ್ಮ ಬಾವಿಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿರುತ್ತಿತ್ತು.

ಮಾಮಿಯ ಕುತ್ತಿಗೆ ಬರಿದಾಗಿತ್ತು. ರಂಗೂನಿನ ಜೆಟ್ಟಿಯಲ್ಲಿ ಚಿನ್ನ ಯಾವುದೂ ದಾಟಕೂಡದು ಎಂದು ತಾಳಿಯನ್ನೂ ಬಿಚ್ಚಿಸಿಕೊಂಡಿದ್ದರು. ಹಡಗಿನಲ್ಲಿ ಯಾರೋ ಮುದುಕಿ ತನ್ನ ಗಂಟಿನಿಂದ ಒಂದು ಅರಿಶಿನದ ಕೊಂಬು ತೆಗೆದು, ದಾರಕ್ಕೆ ಪೋಣಿಸಿ ಕಟ್ಟಿದಳಂತೆ. ಮಾಮಿ ಅದನ್ನು ರವಿಕೆಯೊಳಗೆ ಇಟ್ಟುಕೊಂಡಿರುತ್ತಿದ್ದರು. ಸ್ನಾನ ಮಾಡಿದಷ್ಟೂ ಅದು ಬಣ್ಣ ಬಿಡುತ್ತಿತ್ತು. ಅವರ ರವಿಕೆಗಳ ಕೊರಳೆಲ್ಲ ಹಳದಿ ಕಲೆ.

"ಜೆಟ್ಟೀಲಿ ನನ್ನ ತಾಳಿ ಬಿಚ್ಚಿಸಿಕೊಂಡ ಹುಡುಗಿ ನಿನ್ನ ವಯಸ್ಸಿನವಳೇ ಕಣೇ" ಎಂದಿದ್ದರು ಒಮ್ಮೆ. "ಪಾವಂ, ಪಾಪದ ಹುಡುಗಿ. ನಮ್ಮ ಅಂಗಡೀಲೇ ಲುಂಗಿ ತಗೊಂಡು ಹೋಗ್ತಿದ್ದವಳು. ಆಗೆಲ್ಲ ನಾನು ಅವಳನ್ನ ಕೂತ್ಕೋ ಅಂತ ಕೂಡ ಅಂದಿರಲಿಲ್ಲ. ಅವರೂರಲ್ಲೇ ಅವರನ್ನ ನಿಲ್ಲಿಸಿ ನಾವು ಕೂತಿದ್ವಿ... ಈಗ ನಾನು ನಿಂತೆ, ಅಷ್ಟೇ."

ವರಮಹಾಲಕ್ಷ್ಮಿ ಶುಕ್ರವಾರ ಕೆಳಮನೆಯಲ್ಲಿ ಕುಂಕುಮಕ್ಕೆ ಕರೆದಿದ್ದರು. ಎದುರು ಮನೆಯಾಕೆ ಸಾಲಾಗಿ ಎಲ್ಲರಿಗೂ ಕುಂಕುಮ ಹಚ್ಚುತ್ತ ಬಂದವರು ರಂಗೂನ್ ಮಾಮಿಯ ಮುಂದೆ ಬಂದಾಗ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದರು. ಹಚ್ಚಬಹುದೋ ಬಾರದೋ?

"ಯಾಕ್ರೀ ನಿಂತ್ಬಿಟ್ರಿ? ಟ್ರಾಫಿಕ್ ಪೊಲೀಸ್ ಕೈ ತೋರಿಸಿದ್ನಾ?" ಎಂದರು ಮಾಮಿ. ರವಿಕೆಯಿಂದ ಅರಿಶಿನದ ಕೊಂಬನ್ನು ಎಳೆದು ಸೆರಗಿನ ಮೇಲೆ ಬಿಟ್ಟರು. "ನೋಡ್ಕೊಳ್ಳಿ. ಅವರು ಅಲ್ಲಿ ಹೊತ್ತೊತ್ತಿಗೆ ಊಟ ಮಾಡ್ತಾ ಇದಾರೆ. ನೀವು ಇಲ್ಲಿ ಅವರ ತಿಥಿ ಮಾಡ್ಬೇಡಿ."

ಎಲ್ಲರೂ ನಕ್ಕರು. ಕೆಳಮನೆ ಮಾಮಿ ಮಾತ್ರ ನಗಲಿಲ್ಲ. ಅವರಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಬಂದ ನೆಂಟರೆಲ್ಲ ಮೊದಲು ಕೇಳುತ್ತಿದ್ದದ್ದು ಈ ಕುತ್ತಿಗೆಯ ಬಗ್ಗೆ. ಮರುವಾರವೇ ಅವರು ಓರಗಿತ್ತಿಗೆ ಹೊಸ ತಾಳಿ ಮಾಡಿಸಲೆಂದು ಚಿನ್ನದ ಕೆಲಸದ ಆಚಾರಿಯನ್ನು ಕರೆಸಿದರು.

ಆಗ ನಮ್ಮಲ್ಲೂ ಚಿನ್ನದ ಮೇಲೆ ಕಟ್ಟುನಿಟ್ಟು. ಚೀನಾ ಯುದ್ಧ ಆದಮೇಲೆ ದೇಶದ ಹತ್ತಿರ ಫಾರಿನ್ ಎಕ್ಸ್‌ಚೇಂಜ್ ಇಲ್ಲ, ಚಿನ್ನ ಯಾರೂ ಕೊಳ್ಳಬೇಡಿ ಎಂದು ಸರ್ಕಾರ ಹೇಳಿತ್ತು. ಹೊಸ ಒಡವೆ ಮಾಡಿದರೆ ಹದಿನಾಲ್ಕು ಕ್ಯಾರೆಟ್, ಅದಕ್ಕಿಂತ ಮೇಲಿಲ್ಲ. "ಅದಕ್ಕೆ ಮೇಲೆ ಮಾಡಿದ್ರೆ ನನ್ನ ಒಳಗೆ ಹಾಕ್ತಾರೆ ಮಾಮಿ" ಎಂದು ಆಚಾರಿ ಕೈ ಮುಗಿದ.

"ಇರ್ಲಿ ಬಿಡಪ್ಪ, ಹೊಳೆದ್ರೆ ಸಾಕು" ಎಂದರು ಕೆಳಮನೆ ಮಾಮಿ. "ಬರೋ ಜನ ಉಜ್ಜಿ ನೋಡ್ತಾರಾ?"

"ಬೇಡ ಅಕ್ಕಾ" ಎಂದರು ರಂಗೂನ್ ಮಾಮಿ. "ಆ ಸರ್ಕಾರ ಪೂರ್ತಿ ಕಿತ್ಕೊಳ್ತು. ಈ ಸರ್ಕಾರ ಹದಿನಾಲ್ಕು ಕ್ಯಾರೆಟ್ ಹೆಂಡತಿಯಾಗಿರು ಅನ್ನುತ್ತೆ. ನನ್ನ ಒಂದು ಕುತ್ತಿಗೆ ಮೇಲೆ ಎಷ್ಟು ಸರ್ಕಾರ ಕೂತ್ಕೊಳ್ಳುತ್ತೆ? ಅವರೇ ಬಂದು ಕಟ್ಟಲಿ, ಯಾವ ಚಿನ್ನವಾದ್ರೂ ಸರಿ."

ಹಡಗು ಬಂದಾಗಲೆಲ್ಲ ಮಾಮಿ ಹಾರ್ಬರ್ ಗೇಟಿಗೆ ಹೋಗುತ್ತಿದ್ದರು. ಗೇಟಿನವರ ಹತ್ತಿರ ಇಂಗ್ಲಿಷ್ ಮಾತಾಡಲಿಕ್ಕೆ ನಾನು ಜೊತೆಗೆ. ಸೈರನ್ ಕೇಳಿದೊಡನೆ ಅವರ ಕೈ ಆ ಕೊಂಬಿಗೆ ಹೋಗುತ್ತಿತ್ತು. ಗೇಟಿನಿಂದ ಹೊರಬರುವ ಜನರನ್ನು ನಾನು ಎಂದೂ ಮರೆಯಲಾರೆ. ಒಳ್ಳೆಯ ಕೋಟು ಹಾಕಿಕೊಂಡ ಗಂಡಸರು, ಕೈಯಲ್ಲಿ ಒಂದು ಹಾಸಿಗೆ ಸುರುಳಿ. ಯಾವ ಕಡೆ ನಡೆಯಬೇಕೆಂದು ತಿಳಿಯದೆ ರಸ್ತೆಯ ನಡುವೆಯೇ ನಿಂತುಬಿಡುತ್ತಿದ್ದರು...

ಕೊನೆಗೊಂದು ಹಡಗಿನಲ್ಲಿ ರಂಗೂನಿನ ಅವರ ಪಕ್ಕದ ಅಂಗಡಿಯ ಮುದುಕರೊಬ್ಬರು ಬಂದಿಳಿದರು. ಮಾಮಿಯನ್ನು ನೋಡಿ ಟ್ರಂಕ್ ಕೆಳಗಿಟ್ಟರು.

"ಅವನು ಬರೋದಿಲ್ಲಮ್ಮ. ಆ ದೇಶದ ಪ್ರಜೆ ಆಗ್ತೀನಿ ಅಂತ ಸೈನ್ ಹಾಕ್ದ. ಅಂಗಡಿಗೆ ಜನತಾ ಅಂಗಡಿ ಅಂತ ಬೋರ್ಡ್ ಹಾಕಿದಾರೆ. ಅಲ್ಲೇ ಬಟ್ಟೆ ಅಳೆಯೋಕೆ ಇಟ್ಕೊಂಡಿದಾರೆ ಅವನನ್ನ. ಇವತ್ತಲ್ಲ ನಾಳೆ ಅಂಗಡಿ ವಾಪಸ್ ಕೊಡ್ತಾರೆ, ಬಿಟ್ಟು ಬಂದ್ರೆ ಹೋಗ್ಬಿಡುತ್ತೆ ಅಂತ ಕೂತಿದಾನೆ."

ಮಾಮಿ ಅಳಲಿಲ್ಲ. "ಬೆಳಗ್ಗೆ ಬಾಗಿಲು ಯಾರು ತೆಗೀತಾರೆ?" ಎಂದು ಕೇಳಿದರು.

"ಅವನೇ. ಸಂಜೆ ಬಾಗಿಲು ಹಾಕಿ ಬೀಗದ ಕೈ ಸಿಪಾಯಿಗೆ ಕೊಡ್ಬೇಕು."

"ನಾನು ಅಲ್ಲಿಗೆ ಹೋಗೋ ಹಾಗಿಲ್ವಾ?"

ಮುದುಕರು ತಲೆ ಅಲ್ಲಾಡಿಸಿದರು. ಹೊರಗೆ ಕಳಿಸಿದವರನ್ನು ಆ ದೇಶ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರು ಬರುವ ಹಾಗಿಲ್ಲ, ಇವರು ಹೋಗುವ ಹಾಗಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಮಾಮಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ತಾಳಿ ಅಲ್ಲೇ ಉಳೀತಲ್ಲಾ ಅಂತ ಅಳ್ತಿದ್ದೆ. ಅದರ ಜೊತೆ ಅವರೂ ಉಳ್ಕೊಂಡ್ರು ನೋಡು."

ಆಮೇಲೆ ಆ ಮನೆಯಲ್ಲಿ ಅವರಿಗೆ ಉಸಿರಾಡಲು ಜಾಗವಿರಲಿಲ್ಲ. ಯಾರೂ ಗದರಲಿಲ್ಲ, ದಬಾಯಿಸಲಿಲ್ಲ. ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮಾತ್ರ "ನೀನು ಸ್ವಲ್ಪ ಹಿತ್ತಲಲ್ಲಿರು" ಎನ್ನುತ್ತಿದ್ದರು. ಹಿತ್ತಲಿಗೆ ನಾಲ್ಕು ಕಡೆಯೂ ಗೋಡೆ. ಒಂದು ದಿನ ಮಾಮಿ ತಾವೇ ಕ್ರೋಂಪೇಟೆಯ ಯಾವುದೋ ಹುಡುಗರ ಹಾಸ್ಟೆಲಿಗೆ ಅಡುಗೆಗೆ ಸೇರಿಕೊಂಡು ಹೊರಟುಹೋದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕೆಲವು ವರ್ಷಗಳ ಮೇಲೆ, ಇದೇ ಬೀಚ್ ಸ್ಟೇಷನ್ನಿನಲ್ಲಿ. ತಾಂಬರಂ ಕಡೆಯ ಎಲೆಕ್ಟ್ರಿಕ್ ಟ್ರೇನ್ ನಿಂತಿತ್ತು. ಲೇಡೀಸ್ ಡಬ್ಬಿಯ ಕಿಟಕಿಯ ಬಳಿ ಮಾಮಿ, ಮಡಿಲಲ್ಲಿ ತರಕಾರಿ ಚೀಲ. ನಾನು ಪ್ಲಾಟ್‌ಫಾರ್ಮಿನಿಂದಲೇ ಕೂಗಿದೆ. ನನಗೆ ಹೊಸದಾಗಿ ಮದುವೆಯಾಗಿತ್ತು. ಚಿನ್ನದ ಆ ಕಾನೂನೂ ಅಷ್ಟರಲ್ಲಿ ಸಡಿಲಾಗಿತ್ತು. ಮಾಮಿ ಕಿಟಕಿಯಿಂದ ಕೈ ಚಾಚಿ ನನ್ನ ತಾಳಿಯನ್ನು ಅಂಗೈಯಲ್ಲಿಟ್ಟು ತೂಗಿದರು.

"ಇಪ್ಪತ್ತೆರಡಾ?"

"ಹೌದು ಮಾಮಿ."

"ಶರಿ. ಫುಲ್ ಹೆಂಡತಿ ನೀನು" ಎಂದು ನಕ್ಕರು.

ಅವರ ಗಂಡನ ವಿಷಯ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾರ್ಬರಿನ ಕಡೆಯಿಂದ ಸೈರನ್. ರಂಗೂನಿನ ಜನರನ್ನು ತರುವ ಹಡಗುಗಳು ನಿಂತು ಎಷ್ಟೋ ಕಾಲವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಮಾಮಿಯ ಕೈ ನನ್ನ ತಾಳಿಯನ್ನು ಬಿಟ್ಟು ತಮ್ಮ ಕುತ್ತಿಗೆಗೆ ಹೋಯಿತು. ಕೂಗು ಪೂರ್ತಿ ನಿಲ್ಲುವವರೆಗೆ ಅಲ್ಲೇ ಇತ್ತು. ಟ್ರೇನ್ ಹೊರಟಿತು. ಅವರು ಕೈ ತೆಗೆದು ನನಗೆ ಬೀಸಿದಾಗ ಕಂಡಿತು, ರವಿಕೆಯ ಕೊರಳಿನ ಹಳದಿ ಕಲೆ. ಹಸಿಯಾಗಿತ್ತು. ಕೊಂಬು ಹೊಸದು.

ಮೊನ್ನೆ ಲಾಕರಿನಿಂದ ತೆಗೆದ ನನ್ನ ತಾಳಿ, ನಮ್ಮವರು ತೀರಿಹೋದಮೇಲೆ ಅಲ್ಲಿಟ್ಟಿದ್ದು, ಹ್ಯಾಂಡ್‌ಬ್ಯಾಗಿನಲ್ಲಿ ಒಂದು ಕರ್ಚೀಫಿನೊಳಗಿತ್ತು. ಆಟೋದವನು "ಎನ್ನ ಪಾಟಿ, ಪೋಲಾಮಾ?" ಎಂದ, ಹೊರಡೋಣವಾ ಅಜ್ಜಿ ಅಂತ. ಕುತ್ತಿಗೆಯಿಂದ ಕೈ ತೆಗೆಯದೆ, ಸ್ವಲ್ಪ ಇರಪ್ಪ ಎಂದೆ. ಹಡಗಿನ ಕೂಗು ಇನ್ನೂ ನಿಂತಿರಲಿಲ್ಲ.