ಅರ್ಧಾಯು ಇಪ್ಪತ್ತೇ ನಿಮಿಷ

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಹೆಬ್ಬೆರಳು ತಪ್ಪಿತು. ಅಕ್ಕನೊಬ್ಬಳಿಗೇ ಹೋಗಬೇಕಿದ್ದ ಧ್ವನಿಸಂದೇಶ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಹೊತ್ತು ಇಷ್ಟು ನಿಖರವಾಗಿ ಗೊತ್ತಿರುವುದು ಆ ಸಂದೇಶ ಇನ್ನೂ ಅಲ್ಲೇ ಇರುವುದರಿಂದ. ಅಳಿಸಲು ಮನಸ್ಸಾಗಿಲ್ಲ.

ಅಕ್ಕ ಆಗ ಭಾವನ ಜೊತೆ ದೂರದ ಊರಿನ ಆಸ್ಪತ್ರೆಯಲ್ಲಿದ್ದಳು. ಅವಳ ತಲೆಬುರುಡೆಯ ತಳದಲ್ಲಿ ಬೆಳೆದಿದ್ದ ಗಡ್ಡೆಗೆ ಪ್ರೋಟಾನ್ ಕಿರಣದ ಚಿಕಿತ್ಸೆ, ವಾರಕ್ಕೆ ಐದು ದಿನ. ಕಿರಣ ಬಿಟ್ಟ ಮೇಲೆ ಸ್ವಲ್ಪ ಹೊತ್ತು ರೋಗಿಯ ಮೈಯೇ ವಿಕಿರಣ ಸೂಸುತ್ತದೆ ಎಂದು ಅಲ್ಲಿ ಯಾರೋ ಮಾತಿನ ನಡುವೆ ಅವಳಿಗೆ ಹೇಳಿದ್ದರು. ಆಯಿಯ, ಎಂದರೆ ನಮ್ಮ ಅಮ್ಮನ, ಬಗಲಲ್ಲೇ ಮಲಗಿ ರೂಢಿಯಾದ ಅವಳ ಪ್ರಶ್ನೆ ನನಗೆ ಬಂತು.

"ಹಂಗಾರೆ ಊರಿಗೆ ಬಂದ್ ಮೇಲೆ ಆಯಿ ಬಗಲಲ್ಲಿ ಮಲಗೂಕಾಗ್ತದಾ ಇಲ್ವಾ? ನೀ ಬಿಎಸ್ಸಿ ಅಲ್ದಾ, ಹೇಳು ತಂಗಿ."

ಬಿಎಸ್ಸಿ ಎಂದರೆ ಸಾಕು, ನನಗೆ ಕೋಡು ಮೂಡುತ್ತದೆ. ಕುಮಟೆಯ ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ಪ್ರೋಟಾನು ಬಡಿದಾಗ ಮೈಯೊಳಗಿನ ಇಂಗಾಲ, ಆಮ್ಲಜನಕದ ಕೆಲವು ಪರಮಾಣುಗಳು ಒಂದು ನ್ಯೂಟ್ರಾನ್ ಕಳೆದುಕೊಂಡು ವಿಕಿರಣಶೀಲವಾಗುತ್ತವೆ. ಆಮ್ಲಜನಕದ್ದು ಎರಡು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ಇಂಗಾಲದ್ದು ಇಪ್ಪತ್ತು ನಿಮಿಷಕ್ಕೆ. ಅಕ್ಕ ರೈಲಿಳಿಯುವ ಹೊತ್ತಿಗೆ ಹೆಸರಿಗೂ ಉಳಿಯುವುದಿಲ್ಲ. ಇಷ್ಟನ್ನು ಇಷ್ಟೇ ಸರಳವಾಗಿ ಹೇಳಬಹುದಿತ್ತು. ಆದರೆ ಹೀಗೆ ಅರ್ಧಕ್ಕಿಳಿಯುವ ಅವಧಿಗೆ ಹೈಸ್ಕೂಲಿನ ಕನ್ನಡ ವಿಜ್ಞಾನ ಪಠ್ಯದಲ್ಲಿದ್ದ ಪದ ನಾಲಿಗೆಗೆ ಬಂತು. ಹಿರೇಗುತ್ತಿಯ ನಮ್ಮ ಮನೆಯೆದುರಿನ ಹೆದ್ದಾರಿ ದಾಟಿ ಅಂಗಡಿಗೆ ಹೋಗುತ್ತ ಫೋನಿಗೆ ಹೇಳಿದೆ:

"ಅಕ್ಕಾ, ಹೆದರೂದೆಂತಕ್ಕೆ? ಅರ್ಧಾಯು ಇಪ್ಪತ್ತೇ ನಿಮಿಷ. ಆಮೇಲೆ ಎಲ್ಲಾ ಮುಗೀತು."

ಹಾಫ್ ಲೈಫ್ ಎಂದು ಇಂಗ್ಲಿಷಿನಲ್ಲಿ ಹೇಳಿದ್ದರೆ ಆಯಿಗೆ ಏನೂ ತಿಳಿಯುತ್ತಿರಲಿಲ್ಲ, ಎಲ್ಲರೂ ಕ್ಷೇಮವಾಗಿರುತ್ತಿದ್ದೆವು. ಕನ್ನಡಕವಿಲ್ಲದೆ ಆಯಿ ಓದಲಾರಳು, ಧ್ವನಿಸಂದೇಶ ಮಾತ್ರ ತಪ್ಪದೆ ಒತ್ತಿ ಕೇಳುತ್ತಾಳೆ. ಅವಳಿಗೆ ಕೇಳಿದ್ದು ಆಯುಷ್ಯ. ಹಿರಿಮಗಳ ಆಯುಷ್ಯ, ಇಪ್ಪತ್ತು ನಿಮಿಷ.

ನಾನು ಅಂಗಡಿಯಲ್ಲಿ ಸೋಪು ಆರಿಸುತ್ತಿದ್ದೆ. "ಮಗಾ!" ಎಂಬ ಕೂಗು ಕೇಳಿ ತಿರುಗಿದರೆ ಆಯಿ ಎಡಬಲ ನೋಡದೆ ಹೆದ್ದಾರಿಗೆ ಇಳಿದಾಗಿತ್ತು. ಭಟ್ಕಳದ ಕಡೆಯಿಂದ ಮೀನಿನ ಟೆಂಪೋ ಬರುತ್ತಿತ್ತು. ಬ್ರೇಕಿನ ಆ ಕಿರುಚಾಟ ಮುಗಿದಾಗ ಟೆಂಪೋದ ಮೂತಿಗೂ ಆಯಿಗೂ ನಡುವೆ ಒಂದು ಮೊಳ ಜಾಗವಿತ್ತು, ಅಷ್ಟೆ. ಹಿಂದಿನ ಬಾಗಿಲು ತೆರೆದುಕೊಂಡು ನಾಲ್ಕು ಕ್ರೇಟು ಬಂಗಡೆ ರಸ್ತೆಗೆ ಚೆಲ್ಲಿತು. ಆಯಿ ಅದರ ನಡುವೆಯೇ ಕೂತುಬಿಟ್ಟಳು.

ಡ್ರೈವರು, ಭಟ್ಕಳದ ಪಕ್ಕದ ಜಾಲಿ ಊರಿನವನು, ಇಳಿದ.

"ಯಾ ಅಲ್ಲಾ! ಸಾಯೂಕೆ ನಿಮ್ಗೆ ನನ್ ಗಾಡಿನೇ ಸಿಕ್ತಾ ಅಮ್ಮಾ?"

"ನಾ ಅಲ್ಲಾ ಮಾರಾಯಾ, ನನ್ ಮಗಳು. ಹದಿನೈದ್ ನಿಮಿಷ ಉಳ್ದದೆ. ಗಾಡಿ ತಿರುಗ್ಸು, ಆಸ್ಪತ್ರೆಗೆ ಹೋಗ್ವ."

"ಯಾವ ಊರಿನ ಆಸ್ಪತ್ರೆ?"

ಆಯಿ ಊರ ಹೆಸರು ಹೇಳಿದಳು. ಅವನು ಒಮ್ಮೆ ಟೆಂಪೋ ನೋಡಿದ, ಒಮ್ಮೆ ಆಯಿಯನ್ನು ನೋಡಿದ.

"ವಿಮಾನಕ್ಕೂ ಆಗೂದಿಲ್ಲ ಅಮ್ಮಾ. ಇದು ಬಂಗಡೆ ಗಾಡಿ."

ನನಗೆ ನಗು ಬಂತು. ಎಂಥಾ ನಗುವೆಂದರೆ ನಾನೂ ಮೀನಿನ ಮೇಲೆ ಕೂತೆ. ನಗುತ್ತಲೇ ಅಕ್ಕನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಭಾವನೂ ಎತ್ತಲಿಲ್ಲ. ಅಂಗಡಿಯವನು, ಡ್ರೈವರು, ನಾನು ಸೇರಿ ಆಯಿಯನ್ನು ರಸ್ತೆಯಂಚಿಗೆ ಎಳೆತಂದೆವು. ವಾಟ್ಸಾಪ್ ಗುಂಪಿನಲ್ಲಿ ಹೊನ್ನಾವರದ ಚಿಕ್ಕಿ ಅಳುವ ಮುಖಗಳನ್ನು ಸಾಲಾಗಿ ಹಾಕತೊಡಗಿದ್ದಳು. ಆಯಿ ಅಂಗಡಿಯ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತು ನಿಮಿಷ ಕಳೆದು ಆರು ನಿಮಿಷಕ್ಕೆ ಫೋನು ಬಡಿದುಕೊಂಡಿತು.

"ಎಂತ ಆತು? ಎಷ್ಟ್ ಫೋನು!" ಅಕ್ಕನ ದನಿ.

"ಇದ್ದೀಯನೇ?" ಎಂದಳು ಆಯಿ.

"ಇದ್ದೆ. ಇಡ್ಲಿ ತಿಂತಿದ್ದೆ."

"ನಿಂದು ಮುಗ್ದು ಆರು ನಿಮಿಷ ಆತಲ್ಲೇ!"

ಡ್ರೈವರು ಹೋಗುವಾಗ ರಸ್ತೆಗೆ ಬಿದ್ದ ಬಂಗಡೆಯಲ್ಲಿ ಒಂದು ಬುಟ್ಟಿ ನಮಗೇ ಬಿಟ್ಟುಹೋದ. ಅವನ್ನು ತೊಳೆಯುತ್ತ ಆಯಿಗೆ ಸರಿಯಾಗಿ ಬಿಡಿಸಿ ಹೇಳಿದೆ. ಅವಳು ಒಪ್ಪಲಿಲ್ಲ. "ಅರ್ಧ ಹೋದ್ರೆ ಅರ್ಧ ಉಳೀತು. ಅದ್ರರ್ಧ ಹೋದ್ರೂ ಅರ್ಧ ಉಳೀತು. ಮುಗಿಯೂದ್ಯಾವಾಗ?" ಎಂದವಳೇ ಒಂದು ಬಂಗಡೆ ತೆಗೆದು ಅರ್ಧಕ್ಕೆ ಕೊಯ್ದಳು, ಆ ಅರ್ಧವನ್ನು ಮತ್ತೆ ಅರ್ಧಕ್ಕೆ. ಏಳನೆಯ ಸಲಕ್ಕೆ ಕತ್ತಿ ಕೆಳಗಿಟ್ಟಳು. "ಆತು. ಇದ್ನ ಬೆಕ್ಕೂ ಮೂಸೂದಿಲ್ಲ."

ಕತೆಯನ್ನು ಎಲ್ಲರಿಗೂ ಹೇಳಿ ನಗಿಸಿದೆ, ಈಗಲೂ ನಗಿಸುತ್ತೇನೆ. ಆದರೆ ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಬ್ರೇಕಿನ ಸದ್ದು ಕೇಳುತ್ತಿತ್ತು. ಟೆಂಪೋದ ಬದಲು ಜಲ್ಲಿ ಲಾರಿಯಾಗಿದ್ದರೆ? ಡ್ರೈವರು ಫೋನು ನೋಡುತ್ತಿದ್ದರೆ? ಆ ಒಂದು ಮೊಳವನ್ನು ಎಷ್ಟು ಸಲ ಅಳೆದೆನೋ. ಬಗಲಲ್ಲಿ ಆಯಿಯೂ ನಿದ್ದೆ ಬಂದಂತೆ ನಟಿಸುತ್ತಿದ್ದಳು.

ಚಿಕಿತ್ಸೆ ಮುಗಿಸಿ ಅಕ್ಕ ಕುಮಟೆ ಸ್ಟೇಷನ್ನಿನಲ್ಲಿ ಇಳಿದದ್ದು ಒಂದು ಗುರುವಾರ. ಗಡ್ಡೆ ಏನಾಯಿತೆಂದು ತಿಳಿಯಲು ಮುಂದಿನ ಸ್ಕ್ಯಾನ್ ಆಗಬೇಕಿತ್ತು. ಆಯಿ ಹತ್ತಿರ ಹೋದವಳು ಮುಟ್ಟಲೋ ಬೇಡವೋ ಎಂದು ಕೈ ಹಿಂದೆಳೆದಳು. ಬಂಗಡೆಯ ಸುದ್ದಿ ಅಕ್ಕನಿಗೂ ಮುಟ್ಟಿತ್ತು.

"ಹಿಡ್ಕಳೆ ಆಯಿ, ನನ್ನನ್ನೂ ಬೆಕ್ಕು ಮೂಸೂದಿಲ್ಲ ಈಗ."

ಅವತ್ತು ಅಕ್ಕ ನಮ್ಮಿಬ್ಬರ ನಡುವೆ ಮಲಗಿದಳು. ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಆಯಿ ಅಕ್ಕನ ಮೇಲೆ ಕೈ ಹಾಕಿಕೊಂಡು ಇನ್ನೂ ಗೊರಕೆ ಹೊಡೆಯುತ್ತಿದ್ದಳು.