ಜೇನು ಅಂಟಿದ ಕೈ

ನಿನ್ನೆ ಬೆಳಿಗ್ಗೆ ಬಾಣಲೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದೆ. ಮೊಮ್ಮಗಳ ಮದುವೆ, ಹಾಸನದ ನಮ್ಮ ಮನೆ ತುಂಬ ನೆಂಟರು. ಅಡುಗೆಯವರಿದ್ದಾರೆ, ಬೇಕೆಂದರೆ ಅಂಗಡಿಯಲ್ಲೂ ಸಿಗುತ್ತದೆ, ಆದರೂ ಚಟ್ನಿಪುಡಿ ಮಾತ್ರ ನಾನೇ ಮಾಡಬೇಕೆಂದು ಹಟ ಹಿಡಿದು ಒಲೆಯ ಮುಂದೆ ನಿಂತಿದ್ದೆ. ಮುದುಕಿಯರ ಹಟಕ್ಕೆ ಮದ್ದಿಲ್ಲ. ಕಾಳು ಚಟಪಟ ಸಿಡಿದು ಆ ಸೊಗಡು ಎದ್ದಿತೋ ಇಲ್ಲವೋ, ಕೈ ಸೌಟನ್ನು ಮರೆಯಿತು. ಅದು ನನ್ನ ಸೋದರತ್ತೆಯ ಬುತ್ತಿಗಂಟಿನ ವಾಸನೆ... ಕಾಳು ಸೀದುಹೋಯಿತು. ಸೊಸೆ ಬಂದು ಒಲೆ ಆರಿಸಿ ಹೋದಳು.

ಅತ್ತೆ ನನ್ನ ಅಪ್ಪನ ತಂಗಿ. ಅವಳೂ ಮಾವನೂ ಹಾಸನದ ಆಚೆ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ನಮ್ಮೂರು ಚನ್ನರಾಯಪಟ್ಟಣದ ದಂಡಿಗನಹಳ್ಳಿ ಕಡೆ. ದಸರೆ ಕಳೆದು ರಾಗಿ ತೆನೆ ಹಾಲುಕಟ್ಟುವ ಹೊತ್ತಿಗೆ, ಕೊಯ್ಲಿಗೆ ಇನ್ನೂ ಪುರುಸೊತ್ತಿರುವಾಗ, ಇಬ್ಬರೂ ದನಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಾಗಿಲಿಗೆ ಬೀಗ ಹಾಕಿ ಹೊರಟುಬಿಡುತ್ತಿದ್ದರು. ಮೊದಲು ನಮ್ಮ ಮನೆ, ಆಮೇಲೆ ಶ್ರವಣಬೆಳಗೊಳ, ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು, ಮತ್ತೆ ತಮ್ಮೂರು. ದಾರಿಯುದ್ದಕ್ಕೂ ನೆಂಟರ ಮನೆಗಳು. ಹೆಚ್ಚಿನದೆಲ್ಲ ಕಾಲ್ನಡಿಗೆ. ಮಕ್ಕಳಿರಲಿಲ್ಲ; ಅದಕ್ಕೇ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎಂದು ಊರವರು ತೀರ್ಪು ಕೊಟ್ಟಿದ್ದರು. ಅತ್ತೆ ಉದ್ದ, ಮಾವ ಗಿಡ್ಡ. ಅವಳ ಭುಜಕ್ಕೆ ಬರುತ್ತಿದ್ದ. ಅವನ ಕೊಡೆ ಮಾತ್ರ ಅವಳಿಗಿಂತ ಎತ್ತರದಲ್ಲಿ ಇರುತ್ತಿತ್ತು, ಕೈ ಎತ್ತಿ ಹಿಡಿಯುತ್ತಿದ್ದನಲ್ಲ!

ಅವರು ಬರುವುದನ್ನು ಕಂಡರೆ ನನ್ನ ಅವ್ವನಿಗೆ ಮೈ ಹಿಡಿಯಷ್ಟಾಗುತ್ತಿತ್ತು. ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ, ಇಬ್ಬರೂ ಬಾಯಿ ಮುಚ್ಚಿಕೊಂಡು ನಡೆಯಬೇಕಾದ ಊರಬೀದಿಯಲ್ಲಿ ಇವರು ಜೊತೆಜೊತೆಗೆ ನಗುತ್ತಾ ಬರುತ್ತಿದ್ದರು.

“ಅಲ್ ಕಿಸ್ಕಂಡ್ ಬತ್ತಾವ್ರೆ ನೋಡು ಇಬ್ರೂವೆ,” ಎಂದು ಅವ್ವ ಬಾಗಿಲ ಸಂದಿಯಲ್ಲೇ ಗೊಣಗುತ್ತಿದ್ದಳು. “ಊರೋರ್ ಮುಂದೆ ತಲೆ ಎತ್ತಂಗಿಲ್ಲ ಕಣ.”

ಒಂದು ವರ್ಷ ನಾನು ಅತ್ತು ಕರೆದು ಅವರ ಹಿಂದೆ ಹೊರಟೆ. ಆಗಿನ್ನೂ ಲಂಗ ಉಡುತ್ತಿದ್ದ ವಯಸ್ಸು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಬೆಳಗೊಳದ ದಾರಿಯಲ್ಲಿ ಹಾಗೆ ಒಂದು ಬಸ್ಸು ನಿಂತಿತ್ತು. ಬೆವರಿಳಿಸುತ್ತಾ ತಳ್ಳುತ್ತಿದ್ದವರಿಗೆ ಮಾವ ಕೊಡೆ ಬೀಸಿ, “ನಿಧಾನಕ್ಕೆ ಬನ್ನಿ ಸಾ, ನಾವ್ ಮುಂದಕ್ಕೋಗಿ ಜಾಗ ಇಡ್ದಿರ್ತೀವಿ!” ಎಂದ. ಕಂಡಕ್ಟರು ಬೈದದ್ದು ಬಹಳ ದೂರದವರೆಗೂ ಕೇಳಿಸುತ್ತಿತ್ತು.

ಜಿನನಾಥಪುರದಲ್ಲಿ ಮಾವನ ಅಕ್ಕನ ಮನೆ. ಅಲ್ಲಿ ತಂಗಿದ್ದು ಬೆಳಿಗ್ಗೆ ದೊಡ್ಡ ಬೆಟ್ಟಕ್ಕೆ ಹೋದೆವು. ಎಲ್ಲರೂ ಸ್ವಾಮಿಯನ್ನು ನೋಡಲು ಹತ್ತಿದರೆ ಇವರು ಪಂದ್ಯ ಕಟ್ಟಿ ಹತ್ತುತ್ತಿದ್ದರು. ಸೋತವರು ಗಂಟು ಹೊರಬೇಕು. ಅತ್ತೆ ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿ, ಬಂಡೆಯಲ್ಲಿ ಕಡೆದ ಆ ಮೆಟ್ಟಿಲುಗಳ ಮೇಲೆ ಆಡಿನ ಹಾಗೆ ಹಾರಿಕೊಂಡು ಹೋದಳು. ಮೇಲಿಂದ ಕೂಗಿದಳು: “ಇಗಾ ಬನ್ನಿ ಮುದ್ಕಪ್ಪ, ಬೆಟ್ಟ ನಿಮ್ಗೋಸ್ಕರ ಬಗ್ಗಾಕಿಲ್ಲ!” ಯಾತ್ರೆಗೆ ಬಂದವರೆಲ್ಲ ತಿರುಗಿ ನೋಡಿದರು. ನನಗೆ ಹೆಮ್ಮೆಯೂ ಆಯಿತು, ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುವಷ್ಟು ನಾಚಿಕೆಯೂ ಆಯಿತು. ಅವ್ವನ ಮಗಳಲ್ಲವೇ ನಾನು?

ಹೇಮಾವತಿ ಆಗ ಮಳೆಗಾಲದ ಕೆಂಪು ಕಳೆದು ತಿಳಿಯಾಗಿದ್ದಳು. ಹರಿಗೋಲು ನಡುಹೊಳೆಗೆ ಬಂದಾಗ ಅತ್ತೆ ಗಂಟನ್ನು ನನ್ನ ಮಡಿಲಿಗೆ ಹಾಕಿ, ದುಡುಂ ಎಂದು ಹಾರಿದಳು. ಅಂಬಿಗ ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡ. ಮಾವ ಎಲೆಯಡಿಕೆ ಜಗಿಯುತ್ತಾ ಕೂತಿದ್ದ. “ಬುಡಣ್ಣ, ಅವ್ಳು ನಮ್ಗಿಂತ ಮುಂಚ್ಲೇ ದಡ ಸೇರ್ತಾಳೆ,” ಎಂದ. ಹಾಗೇ ಆಯಿತು. ಒದ್ದೆ ಸೀರೆ ಹಿಂಡಿಕೊಳ್ಳುತ್ತಾ ಮರಳಿನ ಮೇಲೆ ನಿಂತು ನಗುತ್ತಿದ್ದಳು.

ಅರಕಲಗೂಡಿನಲ್ಲಿ ಅತ್ತೆಯ ದೊಡ್ಡವ್ವನ ಮಗಳ ಮನೆ. ನಾವು ಬೀದಿ ತಿರುಗುತ್ತಲೇ ಓಲಗದ ಸದ್ದು ಕೇಳಿಸಿತು. ಆ ಮನೆಯ ಹುಡುಗಿ ದೊಡ್ಡವಳಾಗಿದ್ದಳಂತೆ. ಬಾಗಿಲಿಗೆ ಚಪ್ಪರ ಹಾಕಿ ಆರತಿ ಮಾಡುತ್ತಿದ್ದರು. ಒಬ್ಬಟ್ಟಿನ ವಾಸನೆಗೆ ನಾನು ಓಟ ಕಿತ್ತೆ. ಅತ್ತೆ ಜಡೆ ಹಿಡಿದು ನಿಲ್ಲಿಸಿದಳು. ಒಂದು ಗಳಿಗೆ ಮಾವನ ಮುಖ ನೋಡಿದಳು. ಮಾವ ಕೊಡೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದ.

“ಇವತ್ ಕೆರೆ ಕಡೀಕೆ ಓಗಾನ ಕೂಸೆ,” ಎಂದಳು ಅತ್ತೆ. “ಏಡಿ ಇಡಿಯಾನ.”

ಇಡೀ ದಿನ ಕೆರೆಯಂಗಳದಲ್ಲೇ ಕಳೆದೆವು. ಏಡಿ ಸುಟ್ಟು, ರಾಗಿರೊಟ್ಟಿಗೆ ಹುಚ್ಚೆಳ್ಳುಪುಡಿ ಹಚ್ಚಿ ತಿಂದೆವು. ಪೊದೆಯೊಳಗೆ ಕೈಹಾಕಿ ಕಡ್ಡಿಜೇನು ಕೀಳುವುದನ್ನು ಅತ್ತೆ ಕಲಿಸಿಕೊಟ್ಟಳು: ಬಾಯಿಂದ ಉಫ್ ಎಂದು ಮೆಲ್ಲಗೆ ಊದಿದರೆ ಹುಳ ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಏರಿಯ ಮೇಲಿನ ಮಂಟಪದಲ್ಲೇ ಮಲಗಿ, ಮಾರನೆಯ ದಿನ ಚಪ್ಪರ ಬಿಚ್ಚಿದ ಮೇಲೆ ಆ ಮನೆಗೆ ಹೋದೆವು. “ಒಂದಿನ ಮುಂಚ್ಲೇ ಬರಬಾರ್ದಿತ್ತಾ!” ಎಂದು ಆ ಮನೆಯಾಕೆ ಬಾಯಿತುಂಬ ಉಪಚಾರ ಹೇಳಿದಳು. ಬಾಯಿ ಬೇರೆ ಹೇಳುತ್ತಿತ್ತು, ಮುಖ ಬೇರೆ. ನನಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಹುಟ್ಟಿದಾಗಿನಿಂದ ಅಂಥ ಖುಷಿಯ ದಿನ ಕಂಡಿರಲಿಲ್ಲ ಎಂದು ಊರಿಗೆ ಬಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ...

ಕೆಲವು ವರ್ಷ ಕಳೆದು ನನ್ನ ಮದುವೆ ಗೊತ್ತಾಯಿತು. ಗಂಡಿನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳು ಕಣ್ಣು ಮುಚ್ಚಿದರೆ ವರ್ಷದವರೆಗೂ ಶುಭಕಾರ್ಯವಿಲ್ಲ. ಹಾಗಾಗಿ ಮಾಘದವರೆಗೆ ಕಾಯದೆ, ದೀಪಾವಳಿ ಕಳೆದದ್ದೇ, ರಾಗಿ ಹೊಲದಲ್ಲಿರುವಾಗಲೇ ಲಗ್ನವಿಟ್ಟರು. ಅತ್ತೆಗೆ ಹೇಳಿ ಕಳಿಸಿದಿರಾ ಎಂದು ಕೇಳಿದೆ. ಅಪ್ಪ ಎದ್ದು ಹೊರಗೆ ಹೋದ.

“ಅವ್ಳು ಉಡಿಕೆಯೋಳು ಕಣ್ ಮಗ,” ಎಂದಳು ಅವ್ವ. “ಬಂದ್ರೆ ಮೂಲೇಲಿ ನಿಲ್ಲುಸ್ಬೇಕಾಯ್ತದೆ. ಕಣ್ಣಾರೆ ನೋಡಾಕಾದದಾ? ಅವ್ಳೇ ಬರಾಕಿಲ್ಲ ಬುಡು.”

ಗಂಡ ಸತ್ತ ಹೆಂಗಸಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆಗೆ ಕರೆದುಕೊಂಡು ಹೋಗುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಿದ್ದರು. ಅತ್ತೆ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದಳಂತೆ, ಮಾವ ಎರಡನೆಯವನಂತೆ. ಅದೇನೂ ತಪ್ಪಲ್ಲ, ಕುಲಸ್ಥರೇ ಕೂತು ಮಾಡಿಸಿದ್ದು. ಪಂಕ್ತಿಯಲ್ಲಿ ಊಟವುಂಟು, ಹಣೆಗೆ ಕುಂಕುಮವುಂಟು. ಆದರೆ ಮದುವೆಮನೆಯ ಅರಿಶಿನ ಮುಟ್ಟುವಂತಿಲ್ಲ, ಆರತಿ ಎತ್ತುವಂತಿಲ್ಲ. ಮುಟ್ಟಿದರೆ ಹೊಸ ತಾಳಿಗೆ ಕೇಡು ಎಂಬ ಮಾತು.

ಆ ವರ್ಷ ಮಳೆ ಹಿಂದೆ ಬಿದ್ದು ಎಲ್ಲರ ಬೇಸಾಯವೂ ತಡವಾಗಿತ್ತು. ಅತ್ತೆ ಮಾವನ ತಿರುಗಾಟವೂ ತಡವಾಗಿತ್ತು.

ಅರಿಶಿನ ಕುಟ್ಟುವ ಶಾಸ್ತ್ರದ ದಿನ. ಓಲಗದವರು ಇನ್ನೂ ಬಂದಿರಲಿಲ್ಲ. ಹಿತ್ತಲಲ್ಲಿ ಒರಳು ಪೂಜೆಯಾಗಿತ್ತು, ಒನಕೆಗೆ ಅರಿಶಿನದ ಕೊಂಬು ಕಟ್ಟಿತ್ತು, ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು. ಐವರು ಮುತ್ತೈದೆಯರು ಒನಕೆ ಹಿಡಿಯಬೇಕು. ನಾಲ್ವರಿದ್ದರು, ಪಕ್ಕದ ಮನೆಯಾಕೆಗಾಗಿ ಕಾಯುತ್ತಿದ್ದೆವು. ಅಷ್ಟರಲ್ಲಿ ಹುಚ್ಚೆಳ್ಳು ಹೂಬಿಟ್ಟ ಸಾಲುಗಳ ಆಚೆ ಕೊಡೆ ಕಾಣಿಸಿತು. ಅವರು ಎಂದಿನಂತೆ ಹೊಲದ ಬದುವಿನ ಮೇಲೆ ಬಂದಿದ್ದರು. ಮುಂಬಾಗಿಲ ಚಪ್ಪರ ಅವರ ಕಣ್ಣಿಗೆ ಬಿದ್ದಿರಲಿಲ್ಲ.

“ಕೂಸೆ, ನೋಡಿಲ್ಲಿ ಏನ್ ತಂದಿವ್ನಿ!” ಎನ್ನುತ್ತಲೇ ಅತ್ತೆ ಹಿತ್ತಲಿಗೆ ಬಂದಳು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಕಡ್ಡಿಜೇನಿನ ತಟ್ಟು. ನನ್ನನ್ನು ನೋಡಿದಳು, ಮಣೆ ನೋಡಿದಳು, ಒನಕೆ ನೋಡಿದಳು. ನಗು ಹಾಗೆಯೇ ಮುಖದ ಮೇಲೆ ನಿಂತುಬಿಟ್ಟಿತು.

ಗಂಡಿನ ಕಡೆಯಿಂದ ಬಂದಿದ್ದ ಒಬ್ಬ ಹಿರಿಯಾಕೆಗೆ ಇದೊಂದೂ ಗೊತ್ತಿಲ್ಲ. ಯಾರೆಂದು ಕೇಳಿದಳು. ಸೋದರತ್ತೆ ಎಂದು ಯಾರೋ ಅಂದರು. “ಅಂಗಾರೆ ಇನ್ಯಾರ್ನ ಕಾಯಾದು? ಬಾರವ್ವ, ಒನ್ಕೆ ಇಡಿ,” ಎಂದು ಒನಕೆಯನ್ನು ಅವಳ ಕಡೆಗೆ ವಾಲಿಸಿದಳು.

ಅತ್ತೆ ಒನಕೆ ಹಿಡಿಯಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ನಮ್ಮನ್ನು ನೋಡಿದಳು. ಒಬ್ಬೊಬ್ಬರನ್ನೇ. ಈಗ ಬಾಯಿ ಬಿಟ್ಟರೆ ಗಂಡಿನವರ ಮುಂದೆ ಮಾನ ಹೋಗುತ್ತದೆ ಎಂಬ ಹೆದರಿಕೆ ಅಪ್ಪನಿಗೆ. ಬಿಡದಿದ್ದರೆ ಮಗಳ ತಾಳಿಗೆ ಕೇಡು ಎಂಬ ಹೆದರಿಕೆ ಅವ್ವನಿಗೆ. ಅಪ್ಪ ನೆಲ ನೋಡಿದ, ಅವ್ವ ನನ್ನನ್ನು ನೋಡಿದಳು. ಕೊನೆಗೆ ಅತ್ತೆಯೂ ನನ್ನನ್ನೇ ನೋಡಿದಳು. ನಾನೋ, ಮದುಮಗಳು, ತಲೆ ತಗ್ಗಿಸಿದೆ. ತಗ್ಗಿಸುವುದೇ ಮದುಮಗಳ ಲಕ್ಷಣ, ಯಾರೂ ತಪ್ಪೆನ್ನುವಂತಿಲ್ಲ ನೋಡಿ!

“ಕೈಯೆಲ್ಲಾ ಜೇನು ಅಂಟು ಕಣವ್ವ,” ಎಂದಳು ಅತ್ತೆ ಆ ಹಿರಿಯಾಕೆಗೆ. ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. “ಇವತ್ ಬ್ಯಾಡ. ನಾವು ಒಳೆ ದಾಟ್ಬೇಕು, ಒತ್ತು ಮುಳುಗ್ತದೆ.”

ಜೇನುತಟ್ಟನ್ನೂ ಬುತ್ತಿಗಂಟನ್ನೂ ಕಟ್ಟೆಯ ಮೇಲಿಟ್ಟಳು. ಮಾವ ಆಗಲೇ ಬದುವಿನ ಕಡೆ ತಿರುಗಿದ್ದ. ನಿಲ್ಲಿ ಎಂದು ಯಾರೂ ಅನ್ನಲಿಲ್ಲ, ಕುಡಿಯಲು ನೀರು ಕೊಡಲಿಲ್ಲ. ನಮ್ಮೂರಿಂದ ಹೊಳೆಗೆ ಒಂದು ಹಗಲಿನ ದಾರಿ. ಅದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು.

ಅವಳು ಒನಕೆ ಮುಟ್ಟದೆ ತಿರುಗಿದಾಗ ನನಗೆ ಉಸಿರು ಬಂದ ಹಾಗಾಯಿತು. ಬದುಕಿದೆ ಅನ್ನಿಸಿತು. ಥೂ, ನನ್ನ ಜನ್ಮಕ್ಕೆ! ಬೇರೆಯದನ್ನೆಲ್ಲ ಶಾಸ್ತ್ರದ ಮೇಲೆ, ಅಪ್ಪನ ಮೇಲೆ, ಕಾಲದ ಮೇಲೆ ಹಾಕಿ ಕೂರಬಹುದು. ಆ ಉಸಿರು ಮಾತ್ರ ನನ್ನದೇ.

ಗಂಡನ ಮನೆಯಲ್ಲಿ ಒಂದು ದಿನ ರಾಗಿ ಬೀಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಅರ್ಥವಾಯಿತು. ಅವರು ಮಾಘದಲ್ಲಿ ಬಂದದ್ದಿಲ್ಲ, ವೈಶಾಖದಲ್ಲಿ ಬಂದದ್ದಿಲ್ಲ. ಲಗ್ನದ ತಿಂಗಳುಗಳಲ್ಲಿ ಊರು ಬಿಡುತ್ತಲೇ ಇರಲಿಲ್ಲ. ಯಾರ ಮನೆಯ ಮುಂದೂ ಚಪ್ಪರವಿರದ ಕಾಲ ನೋಡಿ ಹೊರಡುತ್ತಿದ್ದರು. ನಾವು ಅವಳನ್ನು ಮೂಲೆಯಲ್ಲಿ ನಿಲ್ಲಿಸಬೇಕಾದ ಕಷ್ಟ ನಮಗೆ ಬಾರದಿರಲಿ ಎಂದು... ಅರಕಲಗೂಡಿನ ಆ ಏಡಿ, ಆ ಜೇನು, ನನ್ನ ಬಾಳಿನ ಆ ಖುಷಿಯ ದಿನ, ಅದೂ ಹಾಗೆ ಒಂದು ಮನೆಯ ಮಾನ ಉಳಿಸಿದ್ದೇ. ಬೀಸುಕಲ್ಲು ನಿಲ್ಲಿಸಿ ಅತ್ತುಬಿಟ್ಟೆ. ನಮ್ಮತ್ತೆ, ಗಂಡನ ತಾಯಿ, ತವರು ನೆನಪಾಯಿತೇನೋ ಎಂದುಕೊಂಡು ಬೆಲ್ಲ ಕೊಟ್ಟಳು.

ಹಾಗೆಂದು ಅವರ ನಗುವೆಲ್ಲ ಬರೀ ಅಳು ಮುಚ್ಚುವ ನಗು ಎಂದುಕೊಳ್ಳಬೇಡಿ. ಹೇಮಾವತಿಗೆ ಹಾರಿದವಳು ಯಾರ ಮಾನ ಉಳಿಸಲೂ ಹಾರಲಿಲ್ಲ. ಅವಳಿಗೆ ನೀರು ಇಷ್ಟ, ಬೆಟ್ಟ ಇಷ್ಟ, ಆ ಗಿಡ್ಡ ಗಂಡ ಇಷ್ಟ. ಅಷ್ಟೇ.

ಆಮೇಲೆ ಅವರು ನಮ್ಮೂರಿಗೆ ಬರಲಿಲ್ಲ. ಬೆಳಗೊಳದ ಬೆಟ್ಟದಲ್ಲಿ ಕಂಡೆವು, ಹೊಳೆಯ ಹತ್ತಿರ ಕಂಡೆವು ಎಂದು ಯಾರಾದರೂ ಹೇಳುತ್ತಿದ್ದರು. ನಮ್ಮ ಹೊಲದ ಬದು ಬಿಟ್ಟು ಸುತ್ತು ದಾರಿ ಹಿಡಿಯುತ್ತಿದ್ದರಂತೆ. ಪ್ರತಿವರ್ಷ ಹುಚ್ಚೆಳ್ಳು ಹೂಬಿಟ್ಟಾಗ, ಈ ಸಲ ನಾನೇ ಹೋಗಿ ನೋಡಿಬರುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಣಂತನ ಬಂತು, ಕೊಯ್ಲು ಬಂತು, ಮತ್ತೊಂದು ಬಾಣಂತನ. ಮಾವ ಹೋದ ಸುದ್ದಿ ತಿಥಿ ಮುಗಿದ ಮೇಲೆ ಮುಟ್ಟಿತು. ಅತ್ತೆ ಹೋದದ್ದು ಅದಕ್ಕಿಂತಲೂ ತಡವಾಗಿ ತಿಳಿಯಿತು.

ನಿನ್ನೆ ಕಾಳು ಸೀದಮೇಲೆ ಬೇರೆ ಕಾಳು ಹಾಕಿ ಹುರಿದು, ಕುಟ್ಟಿ, ಬೆರಳಿನಲ್ಲಿ ಎಣ್ಣೆ ಬಿಡುವವರೆಗೆ ಕಲಸುತ್ತಿದ್ದೆ. ಹೊರಗೆ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಅಣಿಯಾಗಿತ್ತು. ಎಲ್ಲಿಂದಲೋ ಹಳೆಯ ಒನಕೆಯೊಂದನ್ನು ತರಿಸಿದ್ದರು. ನನ್ನ ಗಂಡ ಹೋಗಿ ಬಹಳ ಕಾಲವಾಯಿತು. ಯಾರೂ ಹೇಳದಿದ್ದರೂ ನನ್ನ ಜಾಗ ನನಗೆ ಗೊತ್ತು, ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ. ಮೊಮ್ಮಗಳು ಬಾಗಿಲಿಗೆ ಬಂದು, “ಅಜ್ಜಿ, ಬನ್ನಿ, ಮೊದಲು ನೀವು ಒನಕೆ ಹಿಡೀಬೇಕು,” ಎಂದಳು. ಅವಳ ಹಿಂದೆ ಬೀಗರ ಕಡೆಯ ಹೆಂಗಸರೆಲ್ಲ ನೋಡುತ್ತಿದ್ದರು.

“ಕೈಯೆಲ್ಲಾ ಎಣ್ಣೆ ಕಣವ್ವ, ಇವತ್ ಬ್ಯಾಡ,” ಎಂದೆ. ಮಾತು ತಾನಾಗಿ ಬಂತು. ಬಂದಮೇಲೆ ಅದು ಯಾರ ಮಾತೆಂದು ಗೊತ್ತಾಯಿತು.

“ತೊಳ್ಕೊಂಡು ಬನ್ನಿ ಅಜ್ಜಿ,” ಎಂದಳು ಹುಡುಗಿ. “ಕಾಯ್ತೀನಿ.”

ಇಷ್ಟೇ ಮಾತು. ಅಂದು ಹಿತ್ತಲಲ್ಲಿ, ಒರಳಿನ ಪಕ್ಕದಲ್ಲೇ, ಹಂಡೆ ತುಂಬ ನೀರಿತ್ತು. ಕೈ ತೊಳ್ಕೊಂಡು ಬಾ ಅತ್ತೆ, ಎಂದು ನಾನು ಅಂದಿದ್ದರೆ ಸಾಕಿತ್ತು. ಅವಳು ನನ್ನ ಮುಖ ನೋಡಿಕೊಂಡು ನಿಂತದ್ದು ಅದಕ್ಕೇ.

ನಲ್ಲಿ ತಿರುಗಿಸಿ ಕೈ ಹಿಡಿದೆ. ಎಣ್ಣೆ ಬೇಗ ಹೋಯಿತು. ನಾನು ತೊಳೆಯುತ್ತಲೇ ಇದ್ದೆ... ಹೊರಗೆ ಅವರು ಒನಕೆ ಹಿಡಿದು ಕಾಯುತ್ತಿದ್ದರು.